"ಡೆಲ್ಫಿಕ್" ಅಂದರೆ ಬರೀ ಎರಡರ್ಥದ ಮಾತು ಅಂತಲೇ?

ತುಂಗಾತೀರ

ಪದವಿ ವಿದ್ಯಾರ್ಥಿಗಳಿಗಾಗಿ ಹಣಕಾಸು ವಿಷಯದ ಒಂದು ಇಂಗ್ಲಿಷ್ ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಅಮೆರಿಕದ ಕೇಂದ್ರ ಬ್ಯಾಂಕಿನ ಒಂದು ಹೇಳಿಕೆಯನ್ನು "ಡೆಲ್ಫಿಕ್" ಎಂದು ಕರೆದಿದ್ದಾರೆ. ನಿಘಂಟಿನಲ್ಲಿ ಎರಡು ಅರ್ಥ ಸಿಕ್ಕಿತು. ಒಂದು, ಗ್ರೀಸಿನ ಡೆಲ್ಫಿ ಕ್ಷೇತ್ರಕ್ಕೆ ಸಂಬಂಧಿಸಿದ್ದು. ಇನ್ನೊಂದು, ಅಸ್ಪಷ್ಟವಾದ, ಹೇಗೆ ಬೇಕಾದರೂ ಅರ್ಥ ಮಾಡಿಕೊಳ್ಳಬಹುದಾದ ಮಾತು. ಎರಡನೆಯದನ್ನು ಹಾಕಿ ನೋಡಿದೆ, ವಾಕ್ಯ ಕೂಡಿಬರುತ್ತಿಲ್ಲ. ಯಾಕೆಂದರೆ ಅದೇ ಪ್ಯಾರಾದಲ್ಲಿ ಬ್ಯಾಂಕು ದಿನಾಂಕ ಸಮೇತ ಸ್ಪಷ್ಟವಾಗಿ ಹೇಳಿದೆ ಅಂತಲೂ ಇದೆ.

ಈ ಪದ ಎಲ್ಲಿಂದ ಬಂತು, ಈ ಅರ್ಥ ಹೇಗೆ ಅಂಟಿಕೊಂಡಿತು, ಕನ್ನಡದಲ್ಲಿ ಏನೆಂದರೆ ಸರಿ? ತಿಳಿದವರು ದಯವಿಟ್ಟು ಬರೆಯಿರಿ.

ನಿಘಂಟುಪ್ರಿಯ

ಮೂಲ ಇರುವುದು ಕ್ರೀಸಸ್ ದೊರೆಯ ಕಥೆಯಲ್ಲಿ. ಈಗಿನ ಟರ್ಕಿಯ ಪಶ್ಚಿಮ ಭಾಗದಲ್ಲಿದ್ದ ಲಿಡಿಯಾ ರಾಜ್ಯವನ್ನು ಆಳಿದವನು, ಸಿರಿವಂತಿಕೆಗೆ ಹೆಸರಾದವನು. ಪಕ್ಕದಲ್ಲೇ ಪರ್ಷಿಯಾದ ಸೈರಸ್ ಬೆಳೆಯುತ್ತಿದ್ದ. ಅವನ ಮೇಲೆ ದಂಡೆತ್ತಿ ಹೋಗಲೇ ಎಂದು, ದೇವರ ಉತ್ತರ ಕೇಳಲು ಜನ ಹೋಗುತ್ತಿದ್ದ ಡೆಲ್ಫಿಯ ಅಪೊಲೊ ದೇಗುಲಕ್ಕೆ ದೂತರನ್ನು ಕಳಿಸಿ ಕೇಳಿಸಿದ. "ಹೋದರೆ ಒಂದು ದೊಡ್ಡ ಸಾಮ್ರಾಜ್ಯವನ್ನು ಕೆಡವುತ್ತೀಯ" ಎಂಬ ಉತ್ತರ ಬಂತು. ಗೆಲುವು ನನ್ನದೇ ಎಂದುಕೊಂಡು ಹೊರಟ. ಕ್ರಿ.ಪೂ. 546ರ ಸುಮಾರಿಗೆ ಅವನ ರಾಜಧಾನಿ ಸಾರ್ಡಿಸ್ ಸೈರಸ್‌ನ ಕೈಸೇರಿತು. ಕೆಡವಿದ್ದು ತನ್ನ ಸಾಮ್ರಾಜ್ಯವನ್ನೇ.

ಹೀಗೆ ಯಾವ ಕಡೆ ತಿರುಗಿಸಿದರೂ ನಿಜವಾಗುವ ಮಾತಿಗೆ ಡೆಲ್ಫಿಕ್ ಎನ್ನುತ್ತಾರೆ. ಕನ್ನಡದಲ್ಲಿ "ಸಂದಿಗ್ಧ" ಸಾಕು. "ದ್ವಂದ್ವಾರ್ಥ" ಬೇಡ, ಈಗ ಆ ಪದ ಕೇಳಿದರೆ ಜನಕ್ಕೆ ಸಿನಿಮಾದ ಪೋಲಿ ಸಂಭಾಷಣೆ ನೆನಪಾಗುತ್ತದೆ.

ಹಳೇ ಪ್ರೋಗ್ರಾಮರ್

ಬೆಂಗಳೂರಿನಲ್ಲಿ ತೊಂಬತ್ತರ ದಶಕದಲ್ಲಿ ಕೆಲಸ ಶುರುಮಾಡಿದವರಿಗೆ ಡೆಲ್ಫಿ ಅಂದರೆ 1995ರಲ್ಲಿ ಬೋರ್ಲೆಂಡ್ ತಂದ ಪ್ರೋಗ್ರಾಮಿಂಗ್ ಸಲಕರಣೆ. ಆ ಹೆಸರಿಗೂ ಇದೇ ಮೂಲ. ದೇವರ ನುಡಿ ಕೇಳುವ ಡೆಲ್ಫಿಯಂಥ ಜಾಗಕ್ಕೆ ಇಂಗ್ಲಿಷಿನಲ್ಲಿ "ಒರಾಕಲ್" ಎನ್ನುತ್ತಾರೆ. ಒರಾಕಲ್ ಡೇಟಾಬೇಸ್ ಜೊತೆ ಮಾತಾಡಬೇಕಾದರೆ ಡೆಲ್ಫಿಗೆ ಹೋಗಬೇಕು ಎಂಬ ಅರ್ಥದಲ್ಲಿ ಇಟ್ಟದ್ದು. "ಒರಾಕಲ್" ಎಂಬುದು ಗ್ರೀಕ್ ಪದ ಅಲ್ಲ, ಲ್ಯಾಟಿನ್ನಿನದು. ಮಾತಾಡು, ಬೇಡಿಕೊ ಎಂಬ ಅರ್ಥದ ಧಾತುವಿನಿಂದ ಬಂದದ್ದು.

ಶರಾವತಿ

ನಿಘಂಟುಪ್ರಿಯ ಅವರು ಹೇಳಿದ ಕಥೆ ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೋಟಸ್‌ನ ಇತಿಹಾಸದ ಮೊದಲ ಭಾಗದಲ್ಲಿದೆ. ನಾನು ಕಾಲೇಜಿನಲ್ಲಿ ಪ್ರಾಚೀನ ಇತಿಹಾಸ ಪಾಠ ಮಾಡುತ್ತೇನೆ, ಪ್ರತಿ ತಂಡಕ್ಕೂ ಈ ಕಥೆ ಹೇಳುತ್ತೇನೆ. ಆದರೆ ಎಲ್ಲರೂ ಅದರ ನಡುವಿನ ತುಂಡನ್ನು ಮಾತ್ರ ಎತ್ತಿಕೊಳ್ಳುತ್ತಾರೆ. ಹಿಂದೆ ಮುಂದೆ ಇರುವುದನ್ನೂ ನೋಡಬೇಕು.

ಯುದ್ಧದ ಪ್ರಶ್ನೆಗೆ ಮೊದಲು ಕ್ರೀಸಸ್ ಒಂದು ಪರೀಕ್ಷೆ ಇಡುತ್ತಾನೆ. ಹಲವು ಕ್ಷೇತ್ರಗಳಿಗೆ ದೂತರನ್ನು ಅಟ್ಟಿ, ಹೊರಟ ನೂರನೆಯ ದಿನ "ನಮ್ಮ ದೊರೆ ಈಗ ಏನು ಮಾಡುತ್ತಿದ್ದಾನೆ" ಎಂದು ಕೇಳಲು ಹೇಳುತ್ತಾನೆ. ಆ ದಿನ ಅವನು ಕಂಚಿನ ಕೊಪ್ಪರಿಗೆಯಲ್ಲಿ ಆಮೆ ಮತ್ತು ಕುರಿಮರಿಯ ಮಾಂಸವನ್ನು ಒಟ್ಟಿಗೆ ಬೇಯಿಸುತ್ತಿದ್ದ. ಡೆಲ್ಫಿ ಅದನ್ನು ಸರಿಯಾಗಿ ಹೇಳಿತು. ಅದಕ್ಕೇ ಅಷ್ಟೊಂದು ನಂಬಿಕೆ, ಅದಕ್ಕೇ ಚಿನ್ನದ ಸಿಂಹ ಮೊದಲಾದ ರಾಶಿ ಕಾಣಿಕೆ. ಇನ್ನು ಯುದ್ಧದ ಪ್ರಶ್ನೆಗೆ ಬಂದ ಉತ್ತರದಲ್ಲಿ ಎರಡನೆಯ ಭಾಗವೂ ಇತ್ತು: ಗ್ರೀಕರಲ್ಲಿ ಯಾರು ಬಲಿಷ್ಠರೆಂದು ನೋಡಿ ಅವರ ಸ್ನೇಹ ಮಾಡು. ಇದರಲ್ಲಿ ಯಾವ ಒಗಟೂ ಇಲ್ಲ. ಕ್ರೀಸಸ್ ಅದರಂತೆ ಸ್ಪಾರ್ಟಾದ ಜೊತೆ ಒಪ್ಪಂದ ಮಾಡಿಕೊಂಡ.

ಸೋತ ಮೇಲೆ ತನ್ನ ಬೇಡಿಗಳನ್ನೇ ಡೆಲ್ಫಿಗೆ ಕಳಿಸಿ, ಇದೇನಾ ನೀವು ಮಾಡಿದ್ದು ಎಂದು ಕೇಳಿಸುತ್ತಾನೆ. ಬಂದ ಉತ್ತರ ಇಡೀ ಕಥೆಯ ಜೀವ. ಯಾರ ಸಾಮ್ರಾಜ್ಯ ಎಂದು ಅವನು ಮತ್ತೊಮ್ಮೆ ಕೇಳಬೇಕಿತ್ತು, ಕೇಳಲಿಲ್ಲ.

ಹೆರೊಡೋಟಸ್ ಇದನ್ನು ಬರೆದದ್ದು ಸಾರ್ಡಿಸ್ ಬಿದ್ದು ಸುಮಾರು ನೂರು ವರ್ಷವಾದ ಮೇಲೆ. ಅಷ್ಟರಲ್ಲಿ ಅದು ಬಾಯಿಂದ ಬಾಯಿಗೆ ಹೋಗಿ ತಿದ್ದಿಕೊಂಡ ಕಥೆ. ಜೋಸೆಫ್ ಫಾಂಟೆನ್‌ರೋಸ್ ಎಂಬ ವಿದ್ವಾಂಸರು ಡೆಲ್ಫಿಯದೆಂದು ಹೇಳಲಾಗುವ ಉತ್ತರಗಳನ್ನೆಲ್ಲ ಕೂಡಿಹಾಕಿ 1978ರಲ್ಲಿ ವಿಂಗಡಿಸಿದರು. ಆಯಾ ಕಾಲದವರೇ ಬರೆದಿಟ್ಟವು ಅಥವಾ ಶಾಸನದಲ್ಲಿ ಉಳಿದವು ಒಂದು ಕಡೆ, ತಲೆಮಾರುಗಳ ನಂತರ ಬರೆದವು ಮತ್ತು ಪುರಾಣದವು ಇನ್ನೊಂದು ಕಡೆ. ಮೊದಲ ಗುಂಪಿನಲ್ಲಿ ಒಗಟು ಇಲ್ಲವೆನ್ನುವಷ್ಟು ಕಡಿಮೆ. ಯಾವ ದೇವರಿಗೆ ಬಲಿ ಕೊಡಬೇಕು, ಈ ಕೆಲಸ ಮಾಡಿದರೆ ಒಳ್ಳೆಯದೇ, ಹೀಗೆ ಕೇಳಿದ್ದಾರೆ. ಇಂಥವರಿಗೆ ಕೊಡಿ, ಮಾಡುವುದು ಮೇಲು ಎಂದು ನೇರ ಉತ್ತರ ಬಂದಿದೆ. ಜಾಣ ಒಗಟುಗಳೆಲ್ಲ ಹೆಚ್ಚಾಗಿ ಎರಡನೆಯ ಗುಂಪಿನಲ್ಲಿವೆ.

ಹಾಗಾಗಿ ಇಂಗ್ಲಿಷಿನ "ಡೆಲ್ಫಿಕ್" ಹುಟ್ಟಿದ್ದು ಡೆಲ್ಫಿಯ ದೇಗುಲದಲ್ಲಿ ದಿನವೂ ನಡೆದ ಕೆಲಸದಿಂದಲ್ಲ, ಡೆಲ್ಫಿಯ ಬಗ್ಗೆ ಕಟ್ಟಿದ ಕಥೆಗಳಿಂದ. ಈ ವ್ಯತ್ಯಾಸ ವಿದ್ಯಾರ್ಥಿಗಳಿಗೆ ತಿಳಿಯಲೇಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ.

ನಿಘಂಟುಪ್ರಿಯ

ಮೇಡಂ, ಒಪ್ಪುವುದು ಕಷ್ಟ. ಕ್ರಿ.ಪೂ. 480ರಲ್ಲಿ ಅಥೆನ್ಸಿಗೆ ಸಿಕ್ಕ "ಮರದ ಗೋಡೆ ನಿಮ್ಮನ್ನು ಕಾಯುತ್ತದೆ" ಎಂಬ ಉತ್ತರ? ಅದು ಕಥೆಯಲ್ಲ, ಅದರ ಮೇಲೆ ಊರೇ ಚರ್ಚೆ ಮಾಡಿದೆ. ಹೆರೊಡೋಟಸ್ ಬೆಳೆಯುವಾಗ ಆ ಯುದ್ಧದಲ್ಲಿ ಕಾದಿದವರು ಇನ್ನೂ ಬದುಕಿದ್ದರು.

ಶರಾವತಿ

ಒಳ್ಳೆಯ ಉದಾಹರಣೆ ತೆಗೆದಿರಿ. ಅದಕ್ಕೇ ಸ್ವಲ್ಪ ನಿಂತು ನೋಡೋಣ.

ಪರ್ಷಿಯಾದ ಜರ್ಕ್ಸೀಸ್ ಭಾರಿ ಸೇನೆಯೊಂದಿಗೆ ಬರುತ್ತಿದ್ದಾನೆ. ಅಥೆನ್ಸಿನ ದೂತರು ಡೆಲ್ಫಿಗೆ ಹೋದಾಗ ಮೊದಲು ಸಿಕ್ಕ ಉತ್ತರ ಸುತ್ತುಬಳಸಿನದಲ್ಲ. ಊರು ಬಿಟ್ಟು ಭೂಮಿಯ ತುದಿಗೆ ಓಡಿಹೋಗಿ, ಎಲ್ಲವೂ ಸುಡುತ್ತದೆ ಎಂದಿತು. ದೂತರು ಕಂಗಾಲಾದರು. ಆಲಿವ್ ಕೊಂಬೆ ಹಿಡಿದು, ಶರಣಾರ್ಥಿಗಳಾಗಿ ಮತ್ತೆ ಒಳಗೆ ಹೋಗಿ, ಇನ್ನೂ ಮೇಲಾದ ಉತ್ತರ ಕೊಡದಿದ್ದರೆ ಸಾಯುವವರೆಗೂ ಇಲ್ಲೇ ಕೂರುತ್ತೇವೆ ಎಂದರು. ಆಗ ಬಂದದ್ದು ಮರದ ಗೋಡೆಯ ಮಾತು. ಕೊನೆಯಲ್ಲಿ "ದಿವ್ಯ ಸಲಾಮಿಸ್ಸೇ, ನೀನು ಹೆಂಗಸರ ಮಕ್ಕಳನ್ನು ಕೊಲ್ಲುವೆ" ಎಂಬ ಸಾಲು. ಸಲಾಮಿಸ್ ಅಥೆನ್ಸಿನ ಹತ್ತಿರದ ದ್ವೀಪ.

ಅಥೆನ್ಸಿನ ಸಭೆಯಲ್ಲಿ ಕೆಲವು ಹಿರಿಯರು, ಮರದ ಗೋಡೆಯೆಂದರೆ ಹಿಂದೆ ಅಕ್ರೊಪೊಲಿಸ್ ಗುಡ್ಡದ ಸುತ್ತ ಇದ್ದ ಮುಳ್ಳುಬೇಲಿ ಎಂದರು. ಅಥೆನ್ಸಿನ ಮುಖಂಡ ಥೆಮಿಸ್ಟೊಕ್ಲೀಸ್ ಹಡಗು ಎಂದ. ಸಾಯುವವರು ನಾವೇ ಆಗಿದ್ದರೆ "ಕ್ರೂರ ಸಲಾಮಿಸ್" ಎನ್ನಬೇಕಿತ್ತು, "ದಿವ್ಯ" ಅಂದಿರುವುದರಿಂದ ಸಾಯುವವರು ಶತ್ರುಗಳು ಎಂದು ವಾದಿಸಿದ. ಲಾರಿಯಮ್ ಗಣಿಯಲ್ಲಿ ಸಿಕ್ಕ ಬೆಳ್ಳಿಯಿಂದ ಕೆಲವೇ ವರ್ಷ ಮೊದಲು ನೌಕಾಪಡೆ ಕಟ್ಟಿಸಿದವನೂ ಅವನೇ. ಜನ ಅವನ ಮಾತು ಹಿಡಿದರು. ಸಲಾಮಿಸ್ ಕಡಲಲ್ಲಿ ಪರ್ಷಿಯಾ ಸೋತಿತು.

ಇದು ಸಂದಿಗ್ಧವೇ, ನಿಜ. ಆದರೆ ಕ್ರೀಸಸ್‌ನದಕ್ಕಿಂತ ಬೇರೆ ಜಾತಿಯ ಸಂದಿಗ್ಧ. ಅಲ್ಲಿ ಒಬ್ಬನೇ ದೊರೆ ಕೇಳಿದ, ಒಬ್ಬನೇ ಅರ್ಥಮಾಡಿಕೊಂಡ, ಕೆಟ್ಟ. ಇಲ್ಲಿ ಒಂದು ಊರು ಬಯಲಿನಲ್ಲಿ ಕೂತು ವಾದ ಮಾಡಿ, ಅರ್ಥವನ್ನು ತಾನೇ ತೀರ್ಮಾನಿಸಿತು. ಗ್ರೀಕ್ ತತ್ತ್ವಜ್ಞಾನಿ ಹೆರಾಕ್ಲಿಟಸ್ ಹೇಳಿದ್ದು ಇದಕ್ಕೆ ಸರಿಹೊಂದುತ್ತದೆ: ಡೆಲ್ಫಿಯ ಒಡೆಯ ಬಿಡಿಸಿ ಹೇಳುವುದೂ ಇಲ್ಲ, ಬಚ್ಚಿಡುವುದೂ ಇಲ್ಲ, ಸನ್ನೆ ಮಾಡುತ್ತಾನೆ. ಈ ಮಾತು ನಮಗೆ ಉಳಿದು ಬಂದದ್ದು ಗ್ರೀಕ್ ಲೇಖಕ ಪ್ಲೂಟಾರ್ಕ್ ಬರೆದಿಟ್ಟದ್ದರಿಂದ. ಆತ ಸ್ವತಃ ಡೆಲ್ಫಿಯಲ್ಲಿ ಅರ್ಚಕನಾಗಿದ್ದವನು.

ಕೇಳುವವನ ಜವಾಬ್ದಾರಿಗೆ ಇನ್ನೊಂದು ಪ್ರಸಂಗವಿದೆ, ಇದು ಬರೆದವನ ಸ್ವಂತ ಅನುಭವ. ಕ್ರಿ.ಪೂ. 401ರಲ್ಲಿ ಗ್ರೀಕ್ ಲೇಖಕ ಜೆನೊಫೊನ್‌ಗೆ ಪರ್ಷಿಯಾದ ಕಿರಿಯ ಸೈರಸ್‌ನ ದಂಡಿಗೆ ಸೇರುವ ಆಸೆ. ಸಾಕ್ರಟೀಸ್, ಡೆಲ್ಫಿಯಲ್ಲಿ ಕೇಳಿ ಬಾ ಎಂದ. ಜೆನೊಫೊನ್ ಹೋಗಿ ಕೇಳಿದ್ದು "ಹೋಗಲೋ ಬೇಡವೋ" ಎಂದಲ್ಲ; "ಪ್ರಯಾಣ ಚೆನ್ನಾಗಿ ಮುಗಿಸಿ ಸುಖವಾಗಿ ಮರಳಲು ಯಾವ ದೇವರುಗಳಿಗೆ ಬಲಿ ಕೊಡಲಿ" ಎಂದು. ಅಪೊಲೊ ದೇವರ ಹೆಸರುಗಳನ್ನು ಹೇಳಿದ, ಮುಗಿಯಿತು. ವಾಪಸ್ ಬಂದಾಗ ಸಾಕ್ರಟೀಸ್ ಬೈದ. ಹೋಗಬೇಕೋ ಬೇಡವೋ ಅನ್ನುವುದನ್ನು ನೀನೇ ತೀರ್ಮಾನಿಸಿಬಿಟ್ಟು ಹೇಗೆ ಅಂತ ಮಾತ್ರ ಕೇಳಿದ್ದೀಯ, ಇನ್ನು ದೇವರು ಹೇಳಿದಂತೆ ಮಾಡು ಎಂದ. ಡೆಲ್ಫಿಯ ಉತ್ತರ ಎಷ್ಟು ನೇರವಾಗಿರುತ್ತಿತ್ತು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಾಣದು.

ಓದುಗ ಶಿರಸಿ

ಡೆಲ್ಫಿಯಲ್ಲಿ ದೇವರ ಪರವಾಗಿ ಉತ್ತರ ಹೇಳುತ್ತಿದ್ದ ಹೆಂಗಸು ಹೊಗೆ ಕುಡಿದು ಮೈಮೇಲೆ ಪ್ರಜ್ಞೆಯಿಲ್ಲದೆ ಏನೇನೋ ಬಡಬಡಿಸುತ್ತಿದ್ದಳು, ಪೂಜಾರಿಗಳು ಅದನ್ನು ಪದ್ಯ ಮಾಡುತ್ತಿದ್ದರು ಅಂತ ಓದಿದ್ದೆ. ಹಾಗಿದ್ದರೆ ನೇರ ಉತ್ತರ ಹೇಗೆ ಸಾಧ್ಯ?

ಕಲ್ಲುಬಂಡೆ

ಭೂವಿಜ್ಞಾನದ ಕಡೆಯಿಂದ ಹೇಳುತ್ತೇನೆ. ದೇಗುಲದ ಕೆಳಗೆ ನೆಲದ ಬಿರುಕಿನಿಂದ ಆವಿ ಏಳುತ್ತಿತ್ತು ಎಂದು ಹಳೆಯ ಲೇಖಕರು ಬರೆದಿದ್ದರು. 1892ರಲ್ಲಿ ಫ್ರೆಂಚರು ಅಲ್ಲಿದ್ದ ಕಾಸ್ತ್ರಿ ಎಂಬ ಹಳ್ಳಿಯನ್ನೇ ಬೇರೆಡೆಗೆ ಸಾಗಿಸಿ ಉತ್ಖನನ ಶುರುಮಾಡಿದರು. ದೊಡ್ಡ ಬಿರುಕು ಸಿಗಲಿಲ್ಲ, ಹಾಗಾಗಿ ಬಹುಕಾಲ ಆವಿಯ ಕಥೆಯನ್ನು ಕಟ್ಟುಕಥೆ ಎಂದೇ ತಳ್ಳಿಹಾಕಿದ್ದರು. 2001ರಲ್ಲಿ ಭೂವಿಜ್ಞಾನಿ ಯೆಲ್ಲೆ ಡಿ ಬೂರ್, ಪುರಾತತ್ವಜ್ಞ ಜಾನ್ ಹೇಲ್ ಮತ್ತು ಸಂಗಡಿಗರು ಹೊಸ ವಾದ ಮುಂದಿಟ್ಟರು. ಎರಡು ಸ್ತರಭಂಗಗಳು, ಅಂದರೆ ನೆಲದಡಿಯ ಬಂಡೆ ಸೀಳಿ ಸರಿದ ಗೆರೆಗಳು, ದೇಗುಲದ ಹತ್ತಿರವೇ ಒಂದನ್ನೊಂದು ಹಾಯುತ್ತವೆ. ಕೆಳಗಿರುವುದು ಡಾಂಬರಿನಂಥ ಅಂಶವಿರುವ ಸುಣ್ಣಕಲ್ಲು. ಕೆರ್ನಾ ಚಿಲುಮೆಯ ನೀರಿನಲ್ಲಿ ಎಥಿಲೀನ್ ಅನಿಲದ ಕುರುಹು ಇದೆ. ಎಥಿಲೀನ್‌ಗೆ ಸಿಹಿ ವಾಸನೆ, ಹಗುರ ಮತ್ತು ಬರಿಸುವ ಗುಣ. ಪ್ಲೂಟಾರ್ಕ್ ಕೂಡ ಒಮ್ಮೊಮ್ಮೆ ಒಳಗಿನಿಂದ ಸುಗಂಧ ಬರುತ್ತಿತ್ತು ಎನ್ನುತ್ತಾನೆ. ಆದರೆ ಮತ್ತು ಬರಿಸುವಷ್ಟು ಎಥಿಲೀನ್ ಅಲ್ಲಿ ಹುಟ್ಟುವುದು ಸಾಧ್ಯವಿಲ್ಲ, ಇದ್ದರೆ ಮೀಥೇನ್, ಇಂಗಾಲದ ಡೈಆಕ್ಸೈಡ್ ಇದ್ದಿರಬೇಕು ಎಂದು ಬೇರೆ ಭೂವಿಜ್ಞಾನಿಗಳು ಆಕ್ಷೇಪಿಸಿದ್ದಾರೆ. ವಾದ ಮುಗಿದಿಲ್ಲ.

ಶರಾವತಿ

ಅನಿಲ ಇರಲಿ ಬಿಡಲಿ, ಪ್ರಜ್ಞೆ ತಪ್ಪಿ ಬಡಬಡಿಸುವ ಚಿತ್ರಕ್ಕೆ ಆಧಾರ ತೀರ ಕಡಿಮೆ. ಪಿಥಿಯಾ ಎಂದು ಕರೆಯುತ್ತಿದ್ದ ಆ ಅರ್ಚಕಿ ಅದೇ ಊರಿನ ಹೆಣ್ಣು. ತನ್ನ ಕಾಲದ ಪಿಥಿಯಾ ಬಡ ರೈತರ ಮನೆಯಲ್ಲಿ ಬೆಳೆದವಳು, ಸರಳೆ ಎಂದು ಪ್ಲೂಟಾರ್ಕ್ ಬರೆಯುತ್ತಾನೆ. ಒಮ್ಮೆ ಮಾತ್ರ ಅನಾಹುತವಾಯಿತು. ಕೇಳುವ ಮೊದಲು ಮೇಕೆಯ ಮೇಲೆ ತಣ್ಣೀರು ಚಿಮುಕಿಸಿ, ಅದು ಮೈ ನಡುಗಿಸಿದರೆ ಮಾತ್ರ ಮುಂದುವರಿಯುವುದು ಪದ್ಧತಿ. ಆ ದಿನ ಮೇಕೆ ನಡುಗಲಿಲ್ಲ. ಹೊರಗಿನಿಂದ ಬಂದ ಗಣ್ಯರಿಗೆ ಬೇಸರವಾದೀತೆಂದು ನೀರು ಸುರಿದು ಸುರಿದು ಬಲವಂತ ಮಾಡಿದರು. ಇಷ್ಟವಿಲ್ಲದೆಯೇ ಒಳಗೆ ಇಳಿದ ಪಿಥಿಯಾ ಕರ್ಕಶವಾಗಿ ಕೂಗುತ್ತ ಬಾಗಿಲಿಗೆ ಓಡಿಬಂದು ಬಿದ್ದಳು, ಕೆಲವೇ ದಿನದಲ್ಲಿ ತೀರಿಕೊಂಡಳು. ಪ್ಲೂಟಾರ್ಕ್ ಇದನ್ನು ನಡೆಯಬಾರದಾಗಿದ್ದ ಸಂಗತಿಯಾಗಿ ಹೇಳುತ್ತಾನೆ. ಮುಂದಿನವರು ಅದನ್ನೇ ದಿನನಿತ್ಯದ ಚಿತ್ರ ಮಾಡಿಬಿಟ್ಟರು. ಆ ಹೆಣ್ಣುಮಗಳಿಗೆ ಆದ ಅನ್ಯಾಯ ನೆನೆದರೆ ಈಗಲೂ ಸಂಕಟವಾಗುತ್ತದೆ.

ಡೆಲ್ಫಿ ತಪ್ಪೇ ಮಾಡಲಿಲ್ಲ ಅಂತ ನಾನು ಹೇಳುತ್ತಿಲ್ಲ. ಸ್ಪಾರ್ಟಾದ ದೊರೆ ಕ್ಲಿಯೊಮಿನೀಸ್ ತನ್ನ ಜೊತೆ ಆಳುತ್ತಿದ್ದ ಡೆಮರಾಟಸ್‌ನನ್ನು ಇಳಿಸಲು ಪಿಥಿಯಾಳನ್ನು ಒಲಿಸಿಕೊಂಡು ಬೇಕಾದ ಉತ್ತರ ಹೇಳಿಸಿದ. ಮುಂದೆ ಬಯಲಾಗಿ ಪೆರಿಯಲ್ಲಾ ಎಂಬ ಆ ಪಿಥಿಯಾ ಸ್ಥಾನ ಕಳೆದುಕೊಂಡಳು. ಇದೂ ಹೆರೊಡೋಟಸ್ ಹೇಳಿದ್ದೇ. ಗಮನಿಸಿ, ಹಾಗೆ ಹೇಳಿಸಿಕೊಂಡದ್ದು ಒಗಟಲ್ಲ, "ಇವನು ಆ ರಾಜನ ಮಗನಲ್ಲ" ಎಂಬ ಖಡಕ್ ಉತ್ತರ.

ಹಡಗಲಿಯವ

ಓದ್ತಾ ಓದ್ತಾ ನಮ್ಮ ಮೈಲಾರದ ಕಾರಣಿಕ ನೆನಪಾತು. ಭರತ ಹುಣ್ಣಿಮಿ ಮುಗಿದ ಮ್ಯಾಲೆ ಜಾತ್ರಿಯೊಳಗ ಗೊರವಯ್ಯ ಎತ್ತರದ ಬಿಲ್ಲು ಏರ್ತಾನ. "ಸದ್ದಲೇ" ಅಂದ ಕೂಡ್ಲೇ ಲಕ್ಷಗಟ್ಟಲೆ ಜನ ಸುಮ್ಮನಾಗ್ತಾರ. ಒಂದ ಒಂದು ಸಾಲು ನುಡೀತಾನ, ಕೊನಿಗೆ "ಪರಾಕ್", ಮ್ಯಾಲಿಂದ ಕೆಳಗ ಬೀಳ್ತಾನ, ಜನ ಕೈಯಾಗ ಹಿಡಕೋತಾರ. ಆಮೇಲೆ ಆ ಸಾಲಿನ ಅರ್ಥ ಮಳಿಗೋ, ಬೆಳಿಗೋ, ರಾಜಕೀಯಕ್ಕೋ ಅಂತ ವರ್ಷವಿಡೀ ಮಾತು. "ಕಾರಣಿಕದಂಥ ಮಾತು" ಅಂದ್ರ ನಮ್ಮ ಕಡೆ ಎಲ್ಲಾರಿಗೂ ತಿಳೀತೈತಿ. ಡೆಲ್ಫಿಕ್ ಅನ್ನೋದಕ್ಕ ಇದನ್ನ ಯಾಕ ಬಳಸಬಾರ್ದು?

ತುಂಗಾತೀರ

ಹಡಗಲಿಯವರೇ, ತುಂಬ ಹತ್ತಿರ ಬಂದಿರಿ, ಧನ್ಯವಾದ. ಒಂದು ಅನುಮಾನ ಇದೆ. ಕಾರಣಿಕ ಯಾರೋ ಕೇಳಿದ ಪ್ರಶ್ನೆಗೆ ಉತ್ತರ ಅಲ್ಲ ಅಲ್ಲವೇ?

ಹಡಗಲಿಯವ

ಹೌದ್ರಿ. ಕಾರಣಿಕ ಎಲ್ಲಾರಿಗೂ ಸೇರಿ ಒಂದ. ಒಬ್ಬೊಬ್ಬರು ಹೋಗಿ ಕೇಳೋದಂದ್ರ ಅದು ಕಣಿ ಕೇಳೋದು, ಇಲ್ಲಾ ಹೂ ಕೇಳೋದು. ಅದು ಬ್ಯಾರೆ.

ಶರಾವತಿ

ಈ ವ್ಯತ್ಯಾಸ ಮುಖ್ಯ. ಡೆಲ್ಫಿಯಲ್ಲಿ ಕೇಳುವವರಿಲ್ಲದೆ ಮಾತಿಲ್ಲ. ತಿಂಗಳಿಗೊಂದು ದಿನ, ಅದೂ ವರ್ಷದಲ್ಲಿ ಒಂಬತ್ತು ತಿಂಗಳು ಮಾತ್ರ. ಚಳಿಗಾಲದ ಮೂರು ತಿಂಗಳು ಅಪೊಲೊ ಊರಲ್ಲಿಲ್ಲ ಎಂಬ ನಂಬಿಕೆ. ಸರದಿಯಲ್ಲಿ ನಿಂತು, ಕಾಣಿಕೆ ಕಟ್ಟಿ, ತನ್ನ ಪ್ರಶ್ನೆ ತಾನು ಕೇಳಬೇಕು. ಕೀಯಾಸ್ ದ್ವೀಪದವರಂಥ ಕೆಲವರಿಗೆ ಸರದಿಯಲ್ಲಿ ಮೊದಲ ಹಕ್ಕು ಇತ್ತು.

ಸಾಮಾನ್ಯರ ಪ್ರಶ್ನೆಗಳನ್ನು ಕಾಣಬೇಕಾದರೆ ಗ್ರೀಸಿನ ಇನ್ನೊಂದು ಕ್ಷೇತ್ರ ಡೊಡೊನಾಕ್ಕೆ ಹೋಗಬೇಕು. ಅಲ್ಲಿ ಸ್ಯೂಸ್ ದೇವರ ಓಕ್ ಮರ. ಜನ ತಮ್ಮ ಪ್ರಶ್ನೆಯನ್ನು ಸೀಸದ ತೆಳು ಪಟ್ಟಿಯ ಮೇಲೆ ಗೀಚಿ ಮಡಚಿ ಕೊಡುತ್ತಿದ್ದರು. ಅಂಥ ಪಟ್ಟಿಗಳು ಸಾವಿರಾರು ಸಿಕ್ಕಿವೆ. ಮಕ್ಕಳಾಗುತ್ತವೆಯೇ, ಈ ಮದುವೆ ಮಾಡಿಕೊಳ್ಳಲೇ, ಕದ್ದವರು ಯಾರು, ವ್ಯಾಪಾರಕ್ಕೆ ಹೋದರೆ ಒಳ್ಳೆಯದೇ. ಇವನ್ನು ಓದಿದರೆ ಎರಡೂವರೆ ಸಾವಿರ ವರ್ಷದ ಹಿಂದಿನ ಮನುಷ್ಯ ಎದುರಿಗೆ ಕೂತಂತಾಗುತ್ತದೆ.

ಸಮುದಾಯ ವೈದ್ಯೆ

ನಮ್ಮ ಕ್ಷೇತ್ರದಲ್ಲೂ ಈ ಹೆಸರು ದಿನವೂ ಬರುತ್ತದೆ, "ಡೆಲ್ಫಿ ವಿಧಾನ". 1950ರ ದಶಕದಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ ಓಲಾಫ್ ಹೆಲ್ಮರ್, ನಾರ್ಮನ್ ಡಾಲ್ಕಿ ಮೊದಲಾದವರು ಸೇನೆಯ ಅಂದಾಜುಗಳಿಗಾಗಿ ರೂಪಿಸಿದ್ದು. ತಜ್ಞರಿಗೆ ಪ್ರಶ್ನಾವಳಿ ಕಳಿಸುವುದು, ಯಾರು ಏನೆಂದರು ಎಂದು ಗುಟ್ಟಾಗಿಟ್ಟು ಒಟ್ಟು ಉತ್ತರವನ್ನು ಎಲ್ಲರಿಗೂ ತೋರಿಸುವುದು, ಮತ್ತೆ ಕೇಳುವುದು. ಸುತ್ತು ಸುತ್ತಿಗೂ ಅಭಿಪ್ರಾಯಗಳು ಹತ್ತಿರವಾಗುತ್ತವೆ. ಚಿಕಿತ್ಸೆಯ ಮಾರ್ಗಸೂಚಿ ಬರೆಯುವಾಗ ಇಂದಿಗೂ ಬಳಸುತ್ತೇವೆ. ಇಲ್ಲಿ ಡೆಲ್ಫಿ ಅಂದರೆ ಅಸ್ಪಷ್ಟತೆಗೆ ತೀರ ವಿರುದ್ಧವಾದದ್ದು.

ಲೆಕ್ಕಿಗ

ತುಂಗಾತೀರ ಅವರ ವಾಕ್ಯದ ಗಂಟು ಈಗ ಬಿಚ್ಚಬಹುದು. ಹಣಕಾಸಿನಲ್ಲಿ "ಡೆಲ್ಫಿಕ್" ಎಂಬುದಕ್ಕೆ ನಿಘಂಟಿನಲ್ಲಿಲ್ಲದ ಮೂರನೆಯ ಅರ್ಥ ಇದೆ. 2012ರಲ್ಲಿ ಷಿಕಾಗೊ ಫೆಡರಲ್ ರಿಸರ್ವ್ ಬ್ಯಾಂಕಿನ ಕ್ಯಾಂಪ್‌ಬೆಲ್, ಎವಾನ್ಸ್, ಫಿಷರ್, ಜಸ್ಟಿನಿಯಾನೊ ಎಂಬ ನಾಲ್ವರು ಒಂದು ಪ್ರಬಂಧ ಬರೆದರು. ಬಡ್ಡಿದರ ಮುಂದೆ ಹೀಗಿರುತ್ತದೆ ಎಂದು ಕೇಂದ್ರ ಬ್ಯಾಂಕು ಹೇಳುವುದನ್ನು ಅವರು ಎರಡಾಗಿ ಒಡೆದರು. ಒಂದು "ಡೆಲ್ಫಿಕ್": ಆರ್ಥಿಕತೆ ಹೀಗೆ ಸಾಗಬಹುದು, ಆಗ ನಾವು ಹೀಗೆ ಮಾಡುವ ಸಂಭವ ಹೆಚ್ಚು ಎಂಬ ಬರೀ ಮುನ್ನೋಟ, ಪರಿಸ್ಥಿತಿ ಬದಲಾದರೆ ನಡೆಯೂ ಬದಲಾಗುತ್ತದೆ. ಇನ್ನೊಂದು "ಒಡಿಸಿಯನ್": ಹಾಡಿನಿಂದ ನಾವಿಕರನ್ನು ಸೆಳೆದು ಕೊಲ್ಲುವ ಸೈರನ್‌ಗಳಿಗೆ ಮರುಳಾಗಬಾರದೆಂದು ಗ್ರೀಕ್ ಪುರಾಣದ ವೀರ ಒಡಿಸ್ಯೂಸ್ ತನ್ನನ್ನು ಹಡಗಿನ ಕಂಬಕ್ಕೆ ಕಟ್ಟಿಸಿಕೊಂಡಂತೆ ಬ್ಯಾಂಕು ತನ್ನನ್ನು ತಾನೇ ಕಟ್ಟಿಹಾಕಿಕೊಳ್ಳುವುದು; ಆಮೇಲೆ ಆಸೆ ಬಂದರೂ ಮಾತು ಮುರಿಯುವುದಿಲ್ಲ.

ಇದು ಬರೀ ಪದದ ಆಟ ಅಲ್ಲ. 2011ರ ಆಗಸ್ಟ್‌ನಲ್ಲಿ ಅಮೆರಿಕದ ಕೇಂದ್ರ ಬ್ಯಾಂಕು ಫೆಡ್, ಕಡೇಪಕ್ಷ 2013ರ ಮಧ್ಯದವರೆಗೆ ಬಡ್ಡಿ ತೀರ ಕೆಳಗೇ ಇರುವ ಸಾಧ್ಯತೆ ಇದೆ ಎಂದಿತು. ದಿನಾಂಕ ಸ್ಪಷ್ಟ. ಆದರೆ ಕೇಳಿದವರು ಅದನ್ನು ಮುನ್ನೋಟ ಎಂದು ತಿಳಿದರೆ, "ಅಯ್ಯೋ, ಎರಡು ವರ್ಷ ಆರ್ಥಿಕತೆ ಏಳುವುದಿಲ್ಲವೇ" ಎಂದು ಹೂಡಿಕೆ ಹಿಂದೆಗೆಯುತ್ತಾರೆ. ಕೊಟ್ಟ ಮಾತು ಎಂದು ತಿಳಿದರೆ, "ಸಾಲ ಅಗ್ಗವಾಗಿಯೇ ಇರುತ್ತದೆ" ಎಂದು ಧೈರ್ಯ ಮಾಡುತ್ತಾರೆ. ಒಂದೇ ವಾಕ್ಯದಿಂದ ಎರಡು ವಿರುದ್ಧ ಪರಿಣಾಮ. ಅದಕ್ಕೇ 2012ರ ಡಿಸೆಂಬರ್‌ನಲ್ಲಿ ಫೆಡ್ ದಿನಾಂಕ ಬಿಟ್ಟು, ನಿರುದ್ಯೋಗ ಶೇ 6.5ರ ಮೇಲಿರುವವರೆಗೆ ಮತ್ತು ಹಣದುಬ್ಬರದ ಅಂದಾಜು ಶೇ 2.5 ದಾಟದಿರುವವರೆಗೆ ಎಂದು ಷರತ್ತಿನ ರೂಪದಲ್ಲಿ ಹೇಳಿತು.

ನಮ್ಮ ರಿಸರ್ವ್ ಬ್ಯಾಂಕ್ ಕೂಡ 2020ರ ಅಕ್ಟೋಬರ್‌ನಲ್ಲಿ, ಕೋವಿಡ್ ನಡುವೆ, ಸಡಿಲ ನೀತಿಯನ್ನು ಕನಿಷ್ಠ ಆ ಹಣಕಾಸು ವರ್ಷ ಹಾಗೂ ಮುಂದಿನ ವರ್ಷದೊಳಕ್ಕೂ ಮುಂದುವರಿಸುವುದಾಗಿ ಹೇಳಿತ್ತು, ಹಣದುಬ್ಬರ ಗುರಿಯೊಳಗೆ ಉಳಿಯಬೇಕೆಂಬ ಮಾತನ್ನೂ ಸೇರಿಸಿ. ಅದು ಮುನ್ನೋಟವೋ ಕೊಟ್ಟ ಮಾತೋ ಎಂದು ವಿದ್ಯಾರ್ಥಿಗಳಿಗೆ ಬಿಡಿಸಲು ಕೊಡಿ.

ನಿಘಂಟುಪ್ರಿಯ

ಹಾಗಾದರೆ ಈ ಅರ್ಥಶಾಸ್ತ್ರಜ್ಞರ ಡೆಲ್ಫಿಕ್‌ನಲ್ಲಿ "ತಿಳಿದವರು ಮುಂದಿನದನ್ನು ಹೇಳುವುದು" ಎಂಬುದಷ್ಟೇ ಉಳಿದಿದೆ, ಸಂದಿಗ್ಧತೆ ಇಲ್ಲ. ಮೇಡಂ ಹೇಳಿದ ನೇರ ಉತ್ತರದ ಡೆಲ್ಫಿಗೆ ಇದೇ ಹತ್ತಿರ. ಈ ಲೇಖನದ ಮಟ್ಟಿಗೆ "ಸಂದಿಗ್ಧ" ಸಲ್ಲದು. ರಾಜಕಾರಣಿಯ ಮಾತನ್ನೋ ವಿಮರ್ಶಕನ ಮಾತನ್ನೋ ಡೆಲ್ಫಿಕ್ ಎಂದಾಗ ಅದೇ ಸರಿ, ಅಲ್ಲಿ ಹಡಗಲಿಯವರ "ಕಾರಣಿಕದಂಥ" ಇನ್ನೂ ಚೆನ್ನ.

ಲೆಕ್ಕಿಗ

ಹೌದು. ಒಂದು ಎಚ್ಚರ: "ಭವಿಷ್ಯವಾಣಿ" ಹಾಕಬೇಡಿ. ಬ್ಯಾಂಕು ಅಂಕಿಅಂಶ ನೋಡಿ ಅಂದಾಜು ಮಾಡುತ್ತದೆ, ದೈವ ನುಡಿಸುವುದಲ್ಲ.

ತುಂಗಾತೀರ

ಎಲ್ಲರಿಗೂ ಮನಸಾರೆ ಧನ್ಯವಾದ. ವಾಕ್ಯವನ್ನು ಹೀಗೆ ಮಾಡಿದ್ದೇನೆ: "ಫೆಡ್‌ನ ಈ ಹೇಳಿಕೆ ಮುನ್ನೋಟದ ಮಾತು, ಕಟ್ಟುಬಿದ್ದ ಮಾತಲ್ಲ." ಅಡಿಟಿಪ್ಪಣಿಯಲ್ಲಿ ಮೂಲ ಪದಗಳಾದ ಡೆಲ್ಫಿಕ್, ಒಡಿಸಿಯನ್ ಎರಡನ್ನೂ ಕೊಟ್ಟು, ಕ್ರೀಸಸ್ ಕಥೆಯ ಜೊತೆಗೇ ಜೆನೊಫೊನ್‌ನ ಪ್ರಸಂಗವನ್ನೂ ನಾಲ್ಕು ಸಾಲಿನಲ್ಲಿ ಸೇರಿಸುತ್ತಿದ್ದೇನೆ. ಶರಾವತಿ ಮೇಡಂ, ಟಿಪ್ಪಣಿಯ ಕರಡನ್ನು ಅಚ್ಚಿಗೆ ಕೊಡುವ ಮೊದಲು ಇಲ್ಲೇ ಹಾಕುತ್ತೇನೆ, ಒಮ್ಮೆ ಕಣ್ಣಾಡಿಸುತ್ತೀರಾ?

ಶರಾವತಿ

ಖಂಡಿತ ಹಾಕಿ. ಕ್ರೀಸಸ್‌ಗೆ ಸಿಕ್ಕ ಉತ್ತರದ ಎರಡನೆಯ ಭಾಗ, ಬಲಿಷ್ಠ ಗ್ರೀಕರ ಸ್ನೇಹ ಮಾಡು ಎಂಬುದು, ಟಿಪ್ಪಣಿಯಲ್ಲಿ ಬಿಟ್ಟುಹೋಗದಂತೆ ನೋಡಿಕೊಳ್ಳಿ.